ಮೊದಲು ಚೌಕಿ, ಆಮೇಲೆ ರಂಗ

ಹೆಬಳೆಯ ತೆಂಗಿನಗುಂಡಿ ಬಂದರಿನಲ್ಲಿ ದೋಣಿಗಳು ದಡ ಸೇರಿ, ಮೀನಿನ ಬುಟ್ಟಿಗಳು ಇಳಿಯುವ ಹೊತ್ತಿಗೆ ಹೊರಟರೂ ಸಾಕು, ಯಕ್ಷಗಾನದ ಆಟ ಶುರುವಾಗುವ ಮೊದಲೇ ಗುಣವಂತೆ ಸೇರಬಹುದು. ವೆಂಕಟಾಪುರ ಹೊಳೆಯ ಸೇತುವೆ, ಚಿತ್ರಾಪುರ ಮಠದ ಶಿರಾಲಿ, ಮುರುಡೇಶ್ವರಕ್ಕೆ ತಿರುಗುವ ಬಸ್ತಿ, ಬೈಲೂರು, ಮಂಕಿ. ಎಡಕ್ಕೆ ತೆಂಗಿನ ತೋಟಗಳ ಸಂದಿಯಲ್ಲಿ ಆಗಾಗ ಕಡಲಿನ ಹೊಳಪು, ಬಲಕ್ಕೆ ಕೆಂಪು ಕಲ್ಲಿನ ಗುಡ್ಡ, ಅದರಾಚೆ ಸಹ್ಯಾದ್ರಿಯ ನೀಲಿ ಗೆರೆ. ಮುರುಡೇಶ್ವರದ ಇಪ್ಪತ್ತು ಅಂತಸ್ತಿನ ಗೋಪುರ, 123 ಅಡಿಯ ಶಿವ, ಅವುಗಳ ಸುತ್ತ ಎದ್ದ ವಸತಿಗೃಹಗಳು, ಕಡಲಿಗೆ ಮುಖಮಾಡಿದ ರೆಸಾರ್ಟುಗಳು. ಇನ್ನೂ ಉತ್ತರಕ್ಕೆ ಹೋದರೆ 2020ರಲ್ಲಿ ನೀಲಿ ಬಾವುಟ ಪಡೆದ ಕಾಸರಕೋಡಿನ ಕಡಲತೀರ. ಈ ದಾರಿಯಲ್ಲಿ ಈಗ ವರ್ಷವಿಡೀ ಪ್ರವಾಸಿಗರ ಕಾರು ಓಡುತ್ತದೆ.

ಮುರುಡೇಶ್ವರ, ಕಾಸರಕೋಡುಗಳ ನಡುವೆ ಗುಣವಂತೆ. ಆತ್ಮಲಿಂಗದ ಕಥೆಗೆ ಸೇರಿದ ಐದು ಕ್ಷೇತ್ರಗಳಲ್ಲಿ ಇದೂ ಒಂದು. ಗೋಕರ್ಣ, ಧಾರೇಶ್ವರ, ಮುರುಡೇಶ್ವರ, ಶೆಜ್ಜೇಶ್ವರ ಉಳಿದವು. ಆದರೆ ಆಟದ ಹುಚ್ಚಿರುವವರಿಗೆ ಗುಣವಂತೆ ಎಂದರೆ ಕೆರೆಮನೆ. ಶ್ರೀ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ, ಅದರ ಶ್ರೀಮಯ ಯಕ್ಷಗಾನ ಕಲಾಕೇಂದ್ರ, ಅಲ್ಲಿನ ಯಕ್ಷಾಂಗಣ.

ಆಟವಿರುವ ಸಂಜೆ ನಾನು ಮೊದಲು ಹುಡುಕುವುದು ಚೌಕಿಯನ್ನು. ರಂಗದ ಹಿಂದಿನ ಈ ಬಣ್ಣದ ಮನೆ ನೋಡದೆ ಯಕ್ಷಗಾನ ನೋಡಿದೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಗಣಪತಿಯ ಮುಂದೆ ದೀಪ. ನೆಲಕ್ಕೆ ಹಾಸಿದ ಚಾಪೆ. ಒಬ್ಬೊಬ್ಬರ ಎದುರಿಗೂ ಒಂದು ಕನ್ನಡಿ, ಬಣ್ಣದ ಬಟ್ಟಲು. ಇಲ್ಲಿನ ಶೈಲಿಯಾದ ಬಡಗುತಿಟ್ಟಿನಲ್ಲಿ ವೇಷಧಾರಿ ತನ್ನ ಮುಖವನ್ನು ತಾನೇ ಬರೆದುಕೊಳ್ಳಬೇಕು. ಎಡಗೈಯಲ್ಲಿ ಕನ್ನಡಿ ಹಿಡಿದು, ಬಲಗೈಯ ಕಡ್ಡಿಯಿಂದ ಹಣೆಯ ನಾಮ ಎಳೆಯುವಾಗ ಉಸಿರನ್ನೂ ತಡೆದಿರುತ್ತಾನೆ. ಅರದಾಳದ ಹಳದಿ ಮೊದಲು ಮುಖವನ್ನು ತುಂಬುತ್ತದೆ. ಕಾಡಿಗೆ ಹುಬ್ಬನ್ನು ಕಿವಿಯತ್ತ ಎಳೆಯುತ್ತದೆ. ಕೆಂಪು ತುಟಿಗೆ, ಕಣ್ಣಿನ ಕೊನೆಗೆ. ಇಷ್ಟಾಗುವಾಗ ಅರ್ಧ ಮುಖ ನೆರೆಮನೆಯವನದು, ಇನ್ನರ್ಧ ಅರ್ಜುನನದು.

ಆಮೇಲೆ ಕಟ್ಟುವ ಕೆಲಸ. ಕಸೆ ಸೀರೆ, ಎದೆಕಟ್ಟು, ಭುಜಕೀರ್ತಿ, ತೋಳಿಗೆ ಕೈಗೆ ಆಭರಣ, ಕಾಲಿಗೆ ಗೆಜ್ಜೆ. ಹಗುರ ಮರದಲ್ಲಿ ಕೆತ್ತಿ, ಮೇಲೆ ಬೇಗಡೆ ಹಚ್ಚಿ, ಕನ್ನಡಿ ಚೂರು ಕೂರಿಸಿದ ಈ ಒಡವೆಗಳು ಹಗಲಿನಲ್ಲಿ ಮಂಕಾಗಿ ಕಂಡರೂ ದೀಪ ತಾಗಿದ ಕೂಡಲೇ ಎಚ್ಚರಗೊಳ್ಳುತ್ತವೆ. ಮುಂಡಾಸು ಕಟ್ಟುವುದಂತೂ ನಿಂತು ನೋಡಬೇಕಾದ ವಿದ್ಯೆ. ಬಟ್ಟೆಯನ್ನು ತಲೆಗೆ ಸುತ್ತಿ, ಬಿಗಿದು, ಮತ್ತೆ ಸುತ್ತಿ, ಜರಿಯ ಪಟ್ಟಿ ಓಡಿಸಿ, ಕಮಲದ ಮೊಗ್ಗಿನ ಆಕಾರಕ್ಕೆ ತರುತ್ತಾರೆ. ಆಟ ಮುಗಿದ ಮೇಲೆ ಅದನ್ನು ಬಿಚ್ಚಿಬಿಡುತ್ತಾರೆ. ನಾಳೆ ಮತ್ತೆ ಮೊದಲಿನಿಂದ. ಚಿಕ್ಕ ವಯಸ್ಸಿನ ವಿದ್ಯಾರ್ಥಿ ಹಿರಿಯರಿಗೆ ಹಗ್ಗ ಬಿಗಿಯಲು ನಿಲ್ಲುತ್ತಾನೆ, ಕನ್ನಡಿ ಹಿಡಿಯುತ್ತಾನೆ. ಪಾಠದ ಹೆಚ್ಚಿನ ಭಾಗ ಅಲ್ಲೇ ಆಗಿಹೋಗುತ್ತದೆ.

ಹೊರಗೆ ಚಂಡೆ. ಆಟದ ಮುನ್ಸೂಚನೆಯಾದ ‘ಕೇಳಿ’ ಬಾರಿಸಿದ ಸದ್ದು ತೋಟ ದಾಟಿ ಹೋಗುತ್ತಿದ್ದಂತೆ ಜನ ಬರತೊಡಗುತ್ತಾರೆ. ಪಂಚೆ ಮಡಚಿ ಕಟ್ಟಿದ ಅಜ್ಜಂದಿರು ಮುಂದಿನ ಸಾಲು ಹಿಡಿಯುತ್ತಾರೆ. ಅವರಿಗೆ ಪ್ರಸಂಗದ ಪದ್ಯಗಳೆಲ್ಲ ಬಾಯಿಪಾಠ, ಭಾಗವತರು ಎಲ್ಲಿ ಉಸಿರು ತೆಗೆದುಕೊಂಡರು ಎಂಬುದೂ ಅವರ ಲೆಕ್ಕದಲ್ಲಿರುತ್ತದೆ. ಹೊರಊರಿನ ಅತಿಥಿಗಳು ಪಕ್ಕದಲ್ಲೇ ಕೂರುತ್ತಾರೆ. ಕಥೆ ಗೊತ್ತಿಲ್ಲದವರಿಗೆ ಯಾರೋ ಒಬ್ಬರು ಬಗ್ಗಿ ಹೇಳುತ್ತಾರೆ: ‘ಇವ ಕೌರವ, ಈಗ ನೀರಿನಿಂದ ಹೊರಗೆ ಬರ್ತಾ.’ ಇಂಥ ವಿವರಣೆಗೆ ಸಮನಾದ ಕರಪತ್ರವನ್ನು ನಾನು ಎಲ್ಲಿಯೂ ಕಂಡಿಲ್ಲ.

ತೆರೆಯ ಹಿಂದೆ ಗೆಜ್ಜೆ ಕದಲುತ್ತದೆ. ಇಬ್ಬರು ಹಿಡಿದ ಬಟ್ಟೆಯ ಮೇಲಂಚಿನಲ್ಲಿ ಮುಂಡಾಸಿನ ತುದಿ ಮಾತ್ರ ಕಾಣುತ್ತದೆ, ಕೆಳಗೆ ಕುಣಿಯುವ ಪಾದ. ಭಾಗವತರ ತಾಳ ಬಿಗಿಯುತ್ತದೆ, ಮದ್ದಳೆಯ ನುಡಿತ ಸಣ್ಣಗಾಗುತ್ತ ವೇಗ ಪಡೆಯುತ್ತದೆ, ಚಂಡೆ ಏರುತ್ತದೆ. ತೆರೆ ಸರಿದಾಗ ವೇಷ ಪೂರ್ತಿ ಕಾಣುತ್ತದೆ. ಅದೇ ಕ್ಷಣಕ್ಕೆ ಸಭೆ ನೆಟ್ಟಗಾಗಿ ಕೂರುತ್ತದೆ. ಮಂಡಿಯ ಮೇಲೆ ಗಿರಗಿರನೆ ತಿರುಗಿ ಎದ್ದ ವೇಷಧಾರಿ, ಏದುಸಿರನ್ನು ನುಂಗಿಕೊಂಡು, ಆ ಕೂಡಲೇ ಪದ್ಯದ ಅರ್ಥವನ್ನು ಮಾತಿನಲ್ಲಿ ಹೇಳಬೇಕು. ಕುಣಿದ ದೇಹ, ಹಾಡಿದ ಪದ್ಯ, ಆ ಹೊತ್ತಿಗೆ ಹುಟ್ಟಿದ ಮಾತು ಮೂರೂ ಕೂಡಿದಾಗಲೇ ಪಾತ್ರ. ಆಡಿದ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ ಎಂದು ತಿಳಿದಾಗ ಹೊರಗಿನ ಪ್ರೇಕ್ಷಕರು ಬೆರಗಾಗುವುದನ್ನು ನೋಡುವುದು ನನಗೆ ಹೆಮ್ಮೆ.

ಈ ರಂಗದ ಹಿಂದೆ ತಲೆಮಾರುಗಳ ದುಡಿಮೆ ಇದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಮಂಡಳಿ ಕಟ್ಟಿದರು; ಅವರ ಕೌರವನನ್ನು ಕಂಡವರು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತ ಬಂದಿದ್ದಾರೆ. ಮಗ ಶಂಭು ಹೆಗಡೆ ಮಾಯಾ ರಾವ್ ಅವರಲ್ಲಿ ನೃತ್ಯಸಂಯೋಜನೆ ಕಲಿತು ಊರಿಗೆ ಮರಳಿದವರು. ರಾತ್ರಿಯಿಡೀ ಆಡುತ್ತಿದ್ದ ಆಟವನ್ನು ಕೆಲವು ಗಂಟೆಗಳಿಗೆ ಒಗ್ಗಿಸಿದರು. ಹಾಗೆ ಕಡಿಮೆ ಮಾಡುವಾಗ ಪಾತ್ರದ ಒಳಗನ್ನು ಕಡಿಮೆ ಮಾಡಲಿಲ್ಲ, ಇದನ್ನು ಒತ್ತಿ ಹೇಳಬೇಕು. ಕಲಿಸುವುದಕ್ಕೆಂದು ಕಲಾಕೇಂದ್ರ ಕಟ್ಟಿದರು. 2009ರ ಫೆಬ್ರುವರಿಯಲ್ಲಿ, ಇಡಗುಂಜಿಯ ರಥೋತ್ಸವದ ಆಟದಲ್ಲಿ ರಾಮನ ವೇಷ ಹಾಕಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಈಗ ಮಂಡಳಿಯನ್ನು ನಡೆಸುತ್ತಿರುವವರು ಅವರ ಮಗ ಶಿವಾನಂದ ಹೆಗಡೆ. ತಂದೆಯ ಹೆಸರಿನ ರಾಷ್ಟ್ರೀಯ ನಾಟ್ಯೋತ್ಸವವನ್ನು ಗುಣವಂತೆಯಲ್ಲೇ ನಡೆಸಿಕೊಂಡು ಬಂದಿದ್ದಾರೆ. ಬೇರೆ ರಾಜ್ಯಗಳ ನೃತ್ಯ, ನಾಟಕ, ಸಂಗೀತ ಹೊನ್ನಾವರ ತಾಲೂಕಿನ ಹಳ್ಳಿಯೊಂದಕ್ಕೆ ನಡೆದು ಬರುತ್ತದೆ.

ಇಷ್ಟನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಕರಾವಳಿಯಲ್ಲಿ ರೆಸಾರ್ಟುಗಳು ಹೆಚ್ಚುತ್ತಿವೆ. ಒಳಗೊಂದು ರಂಗಮಂದಿರವೂ ಇರಲಿ ಎಂಬ ಆಸೆ ಅಲ್ಲಿ ಹುಟ್ಟುವುದು ಸಹಜ, ಒಳ್ಳೆಯದು ಕೂಡ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ಪ್ರೊತಿಮಾ ಬೇಡಿ 1990ರಲ್ಲಿ ನೃತ್ಯಗ್ರಾಮ ತೆರೆದ ಮೇಲೆ ಅದರ ಮಗ್ಗುಲಲ್ಲೇ ಕುಟೀರಂ ಎಂಬ ರೆಸಾರ್ಟೂ ಎದ್ದಿತು. ಅತಿಥಿಗಳು ಉಳಿದುಕೊಳ್ಳುವ ಜಾಗ, ನೃತ್ಯ ಕಲಿಯುವವರು ಬಾಳುವ ಜಾಗ ಒಂದಕ್ಕೊಂದು ನೆರೆಯಾಗಿದ್ದವು. ಕೊಚ್ಚಿಯ ಕಥಕಳಿ ಕೇಂದ್ರಗಳಲ್ಲಿ ಪ್ರದರ್ಶನಕ್ಕೆ ಬಹಳ ಮುಂಚೆಯೇ ಪ್ರವಾಸಿಗರನ್ನು ಒಳಗೆ ಬಿಡುತ್ತಾರೆ, ಬಣ್ಣ ಬರೆಯುವುದನ್ನು ಕಣ್ಣೆದುರೇ ನೋಡಬಹುದು. ಮುಖ ಸಿದ್ಧವಾಗಲು ಎಷ್ಟು ತಾಳ್ಮೆ ಬೇಕು ಎಂದು ಕಂಡವರು ಆಮೇಲೆ ಆಟದ ನಡುವೆ ಎದ್ದು ಹೋಗುವುದು ಕಷ್ಟ.

ಊಟದ ಮೇಜುಗಳ ನಡುವೆ ವೇಷವೊಂದನ್ನು ನಿಲ್ಲಿಸಿ, ಹತ್ತು ನಿಮಿಷ ಕುಣಿಸಿ, ಫೋಟೊ ತೆಗೆಸಿಕೊಳ್ಳುವುದನ್ನೂ ನಾನು ಕಂಡಿದ್ದೇನೆ. ಭಾಗವತರ ಬದಲು ಧ್ವನಿಮುದ್ರಿಕೆ. ಬಟ್ಟೆ ಬದಲಿಸಲು ಕಲಾವಿದನಿಗೆ ಸಿಕ್ಕಿದ್ದು ಪಾತ್ರೆ ತೊಳೆಯುವ ಜಾಗದ ಪಕ್ಕ. ಗಂಟೆಗಟ್ಟಲೆ ಕೂತು ಮುಖ ಬರೆದುಕೊಂಡವನ ಮುಖವನ್ನು ಅಲ್ಲಿ ಯಾರೂ ನೋಡಲಿಲ್ಲ. ಅಂದು ನನಗೆ ಆದ ನೋವು ಇನ್ನೂ ಆರಿಲ್ಲ.

ಹಾಗಾಗಿ ಕಡಲ ತಡಿಯಲ್ಲಿ ಹೊಸ ರಂಗಮಂದಿರ ಕಟ್ಟುವ ಯೋಚನೆಯಲ್ಲಿರುವವರಲ್ಲಿ ಒಂದು ಬಿನ್ನಹ. ನಕ್ಷೆ ಬರೆಸುವ ಮುನ್ನ ಗುಣವಂತೆಗೆ ಹೋಗಿ, ಒಂದು ಆಟವನ್ನು ಕೇಳಿಯಿಂದ ಮಂಗಳದವರೆಗೆ ನೋಡಿ. ದೀಪ, ಧ್ವನಿ, ಮೆತ್ತನೆಯ ಕುರ್ಚಿ ಎಲ್ಲವೂ ಇರಲಿ. ಅದಕ್ಕೂ ಮೊದಲು ಚೌಕಿಗೆ ಅಗಲವಾದ, ಗಾಳಿಯಾಡುವ ಜಾಗ ಬಿಡಿ. ಮಂಡಿ ಹಾಕಿದ ಕಾಲಿಗೆ ನೋವಾಗದಂತೆ ರಂಗಕ್ಕೆ ಮರದ ಹಲಗೆ ಹಾಸಿ. ಹಿಮ್ಮೇಳ ಕೂರುವ ಸ್ಥಳವನ್ನು ಮೂಲೆಗೆ ತಳ್ಳಬೇಡಿ. ಕಲಾವಿದರಿಗೆ ಬಿಸಿನೀರು, ಊಟ, ಮಲಗಲು ಕೋಣೆ ಕೊಡಿ, ಸಂಭಾವನೆಯನ್ನು ಆ ರಾತ್ರಿಯೇ ಮುಟ್ಟಿಸಿ. ಹೆಬಳೆ, ಮಂಕಿ, ಕಾಸರಕೋಡಿನ ಜನರಿಗೂ ಗೇಟು ತೆರೆದಿರಲಿ. ಪದ್ಯ ಬಲ್ಲ ಆ ಅಜ್ಜಂದಿರು ಮುಂದಿನ ಸಾಲಿನಲ್ಲಿ ಇಲ್ಲದಿದ್ದರೆ ನಿಮ್ಮ ಅತಿಥಿಗಳು ಅರ್ಧ ಆಟವನ್ನಷ್ಟೇ ನೋಡಿರುತ್ತಾರೆ.