ಮರಳ ದಂಡೆಯಿಂದ ಧಕ್ಕೆಗೆ

ಮಂಗಳೂರು ಹಳೇ ಬಂದರಿನ ಧಕ್ಕೆಯಲ್ಲಿ ಬೆಳಕು ಹರಿಯುವ ಮೊದಲೇ ಮೀನಿನ ಏಲಂ ಶುರುವಾಗಿರುತ್ತದೆ. ನೇತ್ರಾವತಿ, ಫಲ್ಗುಣಿ ಎರಡೂ ಕಡಲು ಸೇರುವ ಅಳಿವೆಯ ಒಳಗೆ, ಬೆಂಗರೆಯ ಎದುರು ದಡದಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ ಬುಟ್ಟಿಬುಟ್ಟಿಯಾಗಿ ಇಳಿಯುತ್ತವೆ.

ಈ ಗದ್ದಲ ಹುಟ್ಟಿದ್ದು ಹೇಗೆಂದು ತಿಳಿಯಲು ಇಲ್ಲಿ ಕಾಣದ ಬಲೆಯೊಂದರ ಬಗ್ಗೆ ಕೇಳಬೇಕು. ಅದು ರಂಪಣಿ.

ಮಳೆಗಾಲ ಮುಗಿದು ಬಂಗುಡೆಯ ಹಿಂಡು ದಡದತ್ತ ಬಂದಾಗ ದೋಣಿಯೊಂದು ಬಲೆ ಬಿಡುತ್ತ ಅರ್ಧಚಂದ್ರಾಕಾರದಲ್ಲಿ ಸುತ್ತಿ ಬರುತ್ತಿತ್ತು. ಎರಡೂ ತುದಿಯ ಹಗ್ಗ ಹಿಡಿದು ಎಳೆಯಲು ಹತ್ತಾರು ಜನ ಬೇಕು. ದೊಡ್ಡ ರಂಪಣಿಯಾದರೆ ಊರೇ ಬೇಕು. ಮೀನು ವಿಪರೀತ ಸಿಕ್ಕಿದರೆ ಒಮ್ಮೆಲೇ ಎಳೆಯುತ್ತಿರಲಿಲ್ಲ. ಬಲೆಯನ್ನು ಆಳವಿಲ್ಲದ ನೀರಿನಲ್ಲೇ ಬಿಟ್ಟು, ಜೀವಂತ ಮೀನನ್ನು ದಿನದಿನಕ್ಕೆ ಬೇಕಾದಷ್ಟೇ ಎತ್ತುತ್ತಿದ್ದರು. ಐಸ್ ಇಲ್ಲದ ಕಾಲದಲ್ಲಿ ಕಡಲೇ ಉಗ್ರಾಣವಾಗಿತ್ತು! ಎಳೆದವರಿಗೆಲ್ಲ ಪಾಲು, ಮಿಕ್ಕ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರ. ಊರೂರಿನ ಮರಳ ದಂಡೆಯೇ ಮೀನುಗಾರಿಕೆಯ ಬಂದರಾಗಿದ್ದಾಗ ಧಕ್ಕೆಯ ಹಂಗು ಯಾರಿಗಿತ್ತು?

ಎಂಜಿನ್ ಬಂದು ಆ ಲೆಕ್ಕ ಬದಲಾಯಿತು. ಮೊದಲು ಸಿಗಡಿ ಹಿಡಿಯುವ ಟ್ರಾಲ್ ಬೋಟುಗಳು, 1970ರ ದಶಕದ ನಡುವೆ ಪರ್ಸೀನ್. ಮೀನು ದಡಕ್ಕೆ ಬರುವವರೆಗೆ ಕಾಯದೆ, ನಡುನೀರಿನಲ್ಲೇ ಹಿಂಡನ್ನು ಸುತ್ತುವರಿದು, ಬಲೆಯ ತಳದ ಹಗ್ಗ ಎಳೆದು ಬಾಯಿ ಮುಚ್ಚುವ ವಿಧಾನ ಅದು. ರಂಪಣಿಯವರು ಪ್ರತಿಭಟಿಸಿದರು. ಆದರೂ ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ದಡದಿಂದ ಮರೆಯಾದವು. ಬೋಟಿಗೆ ಡೀಸೆಲ್ ಬೇಕು, ಐಸ್ ಬೇಕು, ಕಟ್ಟಲು ಜಾಗ ಬೇಕು. ಮೀನು ಧಕ್ಕೆಗೆ ಬಂದದ್ದು ಹೀಗೆ. ಅದೇ ಹೊತ್ತಿಗೆ ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ದೊಡ್ಡ ಹಡಗುಗಳು ಅತ್ತ ಹೋದವು. ಹಳೇ ಬಂದರಿಗೆ ಮುಖ್ಯವಾಗಿ ಉಳಿದದ್ದು ಮೀನು, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ಸಣ್ಣ ಹಡಗುಗಳು.

ಧಕ್ಕೆ ಅನೇಕರಿಗೆ ಅನ್ನ ಕೊಟ್ಟಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮನೆಯೆದುರಿನ ದಂಡೆಯಲ್ಲೇ ಬುಟ್ಟಿ ತುಂಬಿಸಿಕೊಳ್ಳುತ್ತಿದ್ದ ಮೊಗವೀರ ಸಮುದಾಯದ ಹೆಂಗಸರು ಈಗ ನಸುಕಿನಲ್ಲೇ ಇಲ್ಲಿಗೆ ಬಂದು, ಲಾರಿ ತುಂಬಿಸುವ ವ್ಯಾಪಾರಿಗಳ ಎದುರು ಏಲಂ ಕೂಗಬೇಕು. ಊಟದ ತಟ್ಟೆಗೆ ಬರಬೇಕಾದ ಬೂತಾಯಿಯಲ್ಲಿ ಒಂದು ಪಾಲು ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಬಂದರು ವಿಸ್ತರಣೆಯ ಮಾತು ಬಂದಾಗಲೆಲ್ಲ ಬೋಟು ಕಟ್ಟುವ ಜಾಗದ ಲೆಕ್ಕವೇ ಮುಂದಾಗುತ್ತದೆ. ಈ ಹೆಂಗಸರಿಗೆ ನೆರಳು, ಕುಡಿಯುವ ನೀರು, ಶೌಚಾಲಯವೂ ಅಷ್ಟೇ ಮುಖ್ಯವಾಗಬೇಕು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳನ್ನೆಲ್ಲ ಅಳಿವೆಯೊಳಗೆ ಕಟ್ಟಿಹಾಕುತ್ತಾರೆ, ಹೊರರಾಜ್ಯಗಳ ಕಾರ್ಮಿಕರು ಊರಿಗೆ ಹೊರಡುತ್ತಾರೆ. ನಾಡದೋಣಿಗಳಿಗೆ ಅಡ್ಡಿಯಿಲ್ಲ. ಕರಾವಳಿಯ ಕೆಲವೆಡೆ ಸಣ್ಣ ಕೈರಂಪಣಿ ಇನ್ನೂ ಉಳಿದಿದೆ; ಅಲ್ಲಿ ಹಗ್ಗ ಹಿಡಿದವರಿಗೆ ಈಗಲೂ ಪಾಲುಂಟು.