ನೆಟ್‌ವರ್ಕ್ ಕಾರ್ಡ್: ನೀವೇ ಕೂರಿಸಿ ನೋಡಿ

ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಮಳೆ ಸುರಿದು ಹೋದ ಮಾರನೆಯ ದಿನ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಒಂದು ದೂರು ತಪ್ಪದೆ ಕೇಳಿಬರುತ್ತದೆ: ‘ಕಂಪ್ಯೂಟರ್ ಚೆನ್ನಾಗಿಯೇ ಆನ್ ಆಗುತ್ತದೆ. ಆದರೆ ಇಂಟರ್‌ನೆಟ್ ಬರುವುದಿಲ್ಲ.’ ಮಗನ ಕಾಲೇಜಿನ ಅರ್ಜಿ ಅರ್ಧಕ್ಕೆ ನಿಂತಿರುತ್ತದೆ, ಮಗಳ ಆನ್‌ಲೈನ್ ಪಾಠ ತಪ್ಪಿರುತ್ತದೆ. ‘ಹಳೆಯದಾಯಿತು, ಹೊಸದು ತಗೊಂಡುಬಿಡಿ’ ಎಂಬ ಸಲಹೆಯೂ ಪುಕ್ಕಟೆಯಾಗಿ ಸಿಗುತ್ತದೆ. ಆದರೆ ಎಷ್ಟೋ ಸಲ ಕೆಟ್ಟಿರುವುದು ಇಡೀ ಕಂಪ್ಯೂಟರ್ ಅಲ್ಲ; ಕೇಬಲ್ ಸಿಕ್ಕಿಸುವ ಹೆಬ್ಬೆರಳಿನಗಲದ ಕಿಂಡಿ ಮತ್ತು ಅದರ ಹಿಂದಿರುವ ಒಂದು ಪುಟ್ಟ ಚಿಪ್ ಮಾತ್ರ.

ಆ ಕಿಂಡಿಗೆ ಬದಲಿ ಉಂಟು. ಅದೇ ನೆಟ್‌ವರ್ಕ್ ಕಾರ್ಡ್. ಸಾಧಾರಣ ಕಾರ್ಡ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಸ್ಕ್ರೂಡ್ರೈವರ್, ಒಂದು ಗಂಟೆಯ ಬಿಡುವು, ಸ್ವಲ್ಪ ತಾಳ್ಮೆ ಇದ್ದರೆ ಹೈಸ್ಕೂಲಿನ ಹುಡುಗ ಹುಡುಗಿಯರೂ ತಂದೆತಾಯಿಯರ ಎದುರಿನಲ್ಲಿ ಅದನ್ನು ಕೂರಿಸಬಹುದು. ಪಿಯುಸಿ ಪುಸ್ತಕದಲ್ಲಿ ಎರಡು ಅಂಕಗಳ ಪ್ರಶ್ನೆಯಾಗಿ ಮಲಗಿರುವ ಪಾಠ ಹೀಗೆ ಕೈಯಲ್ಲಿ ಹಿಡಿಯುವ ವಸ್ತುವಾಗುತ್ತದೆ.

ಕಾರ್ಡ್ ಮಾಡುವುದೇನು?

ಕಂಪ್ಯೂಟರ್ ಕಳಿಸಬೇಕಾದ ಮಾಹಿತಿಯನ್ನು ನೆಟ್‌ವರ್ಕ್ ಕಾರ್ಡ್ ಚಿಕ್ಕ ಚಿಕ್ಕ ಕಟ್ಟುಗಳ ರೂಪದಲ್ಲಿ ತಂತಿಯ ಮೇಲೆ ಕಳಿಸುತ್ತದೆ. ಸಾಮಾನ್ಯವಾಗಿ ಒಂದು ಕಟ್ಟಿನಲ್ಲಿ ಹಿಡಿಸುವ ಮಾಹಿತಿ ಹೆಚ್ಚೆಂದರೆ 1500 ಬೈಟ್. ಪ್ರತಿ ಕಟ್ಟಿನ ಮೇಲೂ ಅಂಚೆ ಲಕೋಟೆಯಂತೆ ‘ಇವರಿಂದ’, ‘ಇವರಿಗೆ’ ಎಂಬ ಎರಡು ವಿಳಾಸಗಳಿರುತ್ತವೆ.

ಈ ಪದ್ಧತಿಯ ಹೆಸರು ಈಥರ್‌ನೆಟ್. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪೆನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ಮತ್ತು ಡೇವಿಡ್ ಬಾಗ್ಸ್ ಇದನ್ನು ರೂಪಿಸಿದರು. ಆಗಿನ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಇಂದು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಕಾರ್ಡಿನ ವೇಗ ಸೆಕೆಂಡಿಗೆ 1000 ಮೆಗಾಬಿಟ್, ಅಂದರೆ ಒಂದು ಗಿಗಾಬಿಟ್. ಈ ಕೆಲಸಕ್ಕಾಗಿ ಮೆಟ್ಕಾಫ್ ಅವರಿಗೆ 2022ನೇ ಸಾಲಿನ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ತೊಂಬತ್ತರ ದಶಕದ ಆರಂಭದಲ್ಲಿ ಕಾರ್ಡ್ ಕೂರಿಸುವುದು ತಲೆನೋವಿನ ಕೆಲಸವಾಗಿತ್ತು. ಕಾರ್ಡಿನ ಮೇಲಿನ ಜಂಪರ್ ಎಂಬ ಪುಟ್ಟ ಟೋಪಿಗಳನ್ನು ಚಿಮಟದಿಂದ ಕಿತ್ತು ಬೇರೆ ಕಡ್ಡಿಗೆ ತೊಡಿಸಿ, ಧ್ವನಿ ಕಾರ್ಡಿಗೂ ಇದಕ್ಕೂ ಜಗಳವಾಗದಂತೆ ಬೇರೆ ಬೇರೆ ಸಂಖ್ಯೆಗಳನ್ನು ಕೈಯಾರೆ ಹಂಚಬೇಕಿತ್ತು. 1995ರಲ್ಲಿ ಬಂದ ವಿಂಡೋಸ್ 95 ಮತ್ತು ಪಿಸಿಐ ಎಂಬ ಹೊಸ ಬಗೆಯ ಸ್ಲಾಟ್‌ಗಳು ಆ ಹಂಚಿಕೆಯನ್ನು ಯಂತ್ರಕ್ಕೇ ವಹಿಸಿದವು. ಈಗ ನಮಗೆ ಉಳಿದಿರುವುದು ಸುಲಭದ ಭಾಗ.

ಮೊದಲು ತಪಾಸಣೆ, ಆಮೇಲೆ ಖರೀದಿ

ಕಾರ್ಡ್ ಕೊಳ್ಳುವ ಮೊದಲು ಹಳೆಯ ಕಿಂಡಿ ನಿಜವಾಗಿಯೂ ಸತ್ತಿದೆಯೇ ನೋಡಿ. ಕೇಬಲ್ ಸಿಕ್ಕಿಸಿದಾಗ ಕಿಂಡಿಯ ಬಳಿಯ ಪುಟ್ಟ ದೀಪ ಹತ್ತುತ್ತದೆಯೆ? ಹತ್ತದಿದ್ದರೆ ಬೇರೆ ಕೇಬಲ್ ಹಾಕಿ ನೋಡಿ. ರೂಟರಿನ ಬೇರೆ ಕಿಂಡಿಗೆ ಬದಲಿಸಿ ನೋಡಿ. ಅದೇ ಕೇಬಲನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದಾಗ ದೀಪ ಹತ್ತಿದರೆ ದೋಷ ನಿಮ್ಮ ಕಂಪ್ಯೂಟರಿನಲ್ಲೇ ಇದೆ ಎಂದಾಯಿತು. ಕೆಲವೊಮ್ಮೆ ಬಯೋಸ್‌ನಲ್ಲಿ ಈ ಕಿಂಡಿಯನ್ನು ಆಫ್ ಮಾಡಿರುವುದೂ ಉಂಟು, ಅದನ್ನೂ ಪರೀಕ್ಷಿಸಿ.

ಮಿಂಚಿನ ವಿಷಯದಲ್ಲಿ ಒಂದು ಮಾತು. ಮನೆಗೆ ಫೈಬರ್ ಸಂಪರ್ಕವಿದ್ದರೆ ಹೊರಗಿನ ಗಾಜಿನ ಎಳೆ ವಿದ್ಯುತ್ತನ್ನು ಸಾಗಿಸುವುದಿಲ್ಲ, ನಿಜ. ಆದರೆ ರೂಟರಿಗೆ ಕರೆಂಟು ಕೊಡುವ ತಂತಿ ಮತ್ತು ರೂಟರಿನಿಂದ ಕಂಪ್ಯೂಟರಿಗೆ ಬರುವ ಕೇಬಲ್ ತಾಮ್ರದವೇ. ಆದ್ದರಿಂದ ಗುಡುಗು ಮೋಡ ಕವಿಯುವ ಮುನ್ನವೇ ಪ್ಲಗ್ ಮತ್ತು ನೆಟ್‌ವರ್ಕ್ ಕೇಬಲ್ ಎರಡನ್ನೂ ತೆಗೆದಿಡಬೇಕು. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು.

ಯಾವ ಕಾರ್ಡ್ ತರಬೇಕು?

ಕ್ಯಾಬಿನೆಟ್ಟಿನ ಪಕ್ಕದ ತಗಡು ತೆಗೆದರೆ ಮದರ್‌ಬೋರ್ಡಿನ ಮೇಲೆ ಸಾಲಾಗಿ ಸ್ಲಾಟ್‌ಗಳು ಕಾಣುತ್ತವೆ. ಬಹಳ ಹಳೆಯ ಯಂತ್ರಗಳಲ್ಲಿ ಉದ್ದನೆಯ, ಹೆಚ್ಚಾಗಿ ಬಿಳಿ ಬಣ್ಣದ ಪಿಸಿಐ ಸ್ಲಾಟ್ ಇರುತ್ತದೆ. ಸುಮಾರು ಹದಿನೈದು ವರ್ಷಗಳಿಂದ ಈಚಿನ ಯಂತ್ರಗಳಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಇದ್ದೇ ಇರುತ್ತದೆ. ನೆಟ್‌ವರ್ಕ್ ಕಾರ್ಡಿಗೆ ಅದರ ಅತಿ ಗಿಡ್ಡ ಸ್ಲಾಟ್ ಸಾಕು. ಗಿಡ್ಡ ಸ್ಲಾಟ್ ಖಾಲಿ ಇಲ್ಲದಿದ್ದರೆ ಅದೇ ಜಾತಿಯ ಉದ್ದದ ಸ್ಲಾಟಿನಲ್ಲೂ ಗಿಡ್ಡ ಕಾರ್ಡ್ ಕೂರುತ್ತದೆ. ಆದರೆ ಪಿಸಿಐ ಕಾರ್ಡ್ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಹೊಂದುವುದಿಲ್ಲ. ಬಲವಂತ ಮಾಡಿದರೆ ಎರಡೂ ಹಾಳು. ಮೊಬೈಲಿನಲ್ಲಿ ಸ್ಲಾಟಿನ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ.

ಕಚೇರಿಗಳಿಂದ ಸೆಕೆಂಡ್ ಹ್ಯಾಂಡ್ ಆಗಿ ಬಂದ ತೆಳ್ಳನೆಯ ಕ್ಯಾಬಿನೆಟ್ಟಾದರೆ ಕಾರ್ಡಿನ ತಗಡಿನ ಪಟ್ಟಿ ಗಿಡ್ಡದಾಗಿರಬೇಕು. ಹಲವು ಕಾರ್ಡುಗಳ ಡಬ್ಬಿಯಲ್ಲಿ ಉದ್ದದ ಪಟ್ಟಿ, ಗಿಡ್ಡ ಪಟ್ಟಿ ಎರಡೂ ಇರುತ್ತವೆ. ಕೇಳಿ ತನ್ನಿ.

ಪೆಟ್ಟಿಗೆ ತೆರೆಯಲು ಮನಸ್ಸಿಲ್ಲದವರಿಗೆ ಯುಎಸ್‌ಬಿ ಅಡಾಪ್ಟರ್ ಇದೆ. ಆದರೆ ಹಳೆಯ ಯುಎಸ್‌ಬಿ 2.0 ಕಿಂಡಿಯ ಗರಿಷ್ಠ ವೇಗವೇ 480 ಮೆಗಾಬಿಟ್ ಆದ್ದರಿಂದ ಅಲ್ಲಿ ಗಿಗಾಬಿಟ್ ವೇಗ ಸಿಗಲಾರದು. ಮನೆಯ ಸಾಮಾನ್ಯ ಬಳಕೆಗೆ ಅದೇನೂ ದೊಡ್ಡ ಕೊರತೆಯಲ್ಲ.

ಡ್ರೈವರ್ ಎಂಬ ದುಭಾಷಿ

ಕಾರ್ಡಿನ ಭಾಷೆ ವಿಂಡೋಸಿಗೆ ಅರ್ಥವಾಗಬೇಕಾದರೆ ನಡುವೆ ಡ್ರೈವರ್ ಎಂಬ ದುಭಾಷಿ ಬೇಕು. ಹಲವು ಕಾರ್ಡುಗಳಿಗೆ ವಿಂಡೋಸ್‌ನಲ್ಲೇ ಡ್ರೈವರ್ ಇರುತ್ತದೆ. ಲಿನಕ್ಸ್‌ನಲ್ಲಂತೂ ಸಾಮಾನ್ಯ ಕಾರ್ಡುಗಳಿಗೆ ಬೇರೆ ಡ್ರೈವರ್ ಹುಡುಕುವ ಪ್ರಸಂಗ ಕಡಿಮೆ. ಇಲ್ಲದಿದ್ದಾಗ ಮಾತ್ರ ಪೇಚಾಟ: ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಡ್ರೈವರ್ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯ ಹಾಗೆ! ಆದ್ದರಿಂದ ಬೇರೆ ಕಂಪ್ಯೂಟರಿನಲ್ಲಿ, ಕಾರ್ಡ್ ತಯಾರಕರ ತಾಣದಿಂದಲೇ, ಡ್ರೈವರನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಳ್ಳಿ.

ಡಬ್ಬಿಯ ಮೇಲಿನ ಬ್ರಾಂಡಿಗಿಂತ ಕಾರ್ಡಿನ ಮೇಲಿರುವ ಚಿಪ್ ಯಾವುದೆಂಬುದು ಮುಖ್ಯ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹಾರ್ಡ್‌ವೇರ್ ಗುರುತನ್ನು ತೆರೆದರೆ ತಯಾರಕರ ಸಂಕೇತ ಕಾಣುತ್ತದೆ. ಅದು 8086 ಎಂದಿದ್ದರೆ ಚಿಪ್ ಇಂಟೆಲ್‌ನದು. 1978ರಲ್ಲಿ ತಾನು ಹೊರತಂದ ಹೆಸರಾಂತ ಪ್ರೊಸೆಸರಿನ ಸಂಖ್ಯೆಯನ್ನೇ ಇಂಟೆಲ್ ತನ್ನ ಗುರುತಾಗಿ ಇಟ್ಟುಕೊಂಡಿದೆ!

ಕೂರಿಸುವ ಕ್ರಮ

ಕಂಪ್ಯೂಟರನ್ನು ಷಟ್‌ಡೌನ್ ಮಾಡಿ, ಪ್ಲಗ್ ಕಿತ್ತುಬಿಡಿ. ಯುಪಿಎಸ್ ಇದ್ದರೆ ಅದರ ಸಂಪರ್ಕವನ್ನೂ ತೆಗೆಯಿರಿ. ಆಮೇಲೆ ಆನ್ ಗುಂಡಿಯನ್ನು ಐದು ಸೆಕೆಂಡ್ ಒತ್ತಿಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಹೊರಹೋಗಲಿ. ಪವರ್ ಸಪ್ಲೈ ಇರುವ ಮುಚ್ಚಿದ ಲೋಹದ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ತಂದೆತಾಯಿಯರು ಗಮನ ಕೊಡಬೇಕಾದ ಮುಖ್ಯ ಸಂಗತಿ ಇದೇ.

ನಮ್ಮ ಮೈಯಲ್ಲಿ ಸೇರಿಕೊಳ್ಳುವ ಸ್ಥಿರ ವಿದ್ಯುತ್ತು ನಮಗೆ ತಿಳಿಯದಷ್ಟು ಸಣ್ಣದಾದರೂ ಚಿಪ್‌ಗೆ ದೊಡ್ಡ ಏಟು ಕೊಡಬಲ್ಲದು. ಕಾರ್ಡನ್ನು ಹೊದಿಕೆಯಿಂದ ತೆಗೆಯುವ ಮುನ್ನ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ನಡುನಡುವೆಯೂ ಮುಟ್ಟುತ್ತಿರಿ. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ. ಅದರ ಹೊಂಬಣ್ಣದ ಪಟ್ಟಿಗಳಿಗೆ ಬೆರಳು ತಾಗಿಸಬೇಡಿ.

ಸ್ಲಾಟಿನ ಎದುರಿಗೆ ಕ್ಯಾಬಿನೆಟ್ಟಿನ ಹಿಂಭಾಗದಲ್ಲಿರುವ ಮುಚ್ಚಳದ ಪಟ್ಟಿಯನ್ನು ತೆಗೆಯಿರಿ. ಕಾರ್ಡಿನ ಕಚ್ಚು ಸ್ಲಾಟಿನ ಅಡ್ಡಗೋಡೆಗೆ ಹೊಂದುವಂತೆ ನೇರವಾಗಿ ಇಟ್ಟು ಎರಡೂ ತುದಿಗಳಲ್ಲಿ ಸಮನಾಗಿ ಒತ್ತಿ. ಹೊಂಬಣ್ಣದ ಪಟ್ಟಿ ಪೂರ್ತಿ ಒಳಗಿಳಿದರೆ ಸರಿಯಾಗಿ ಕೂತಿದೆ ಎಂದರ್ಥ. ಸ್ಕ್ರೂ ಬಿಗಿಯಿರಿ, ತಗಡು ಮುಚ್ಚಿ, ಕೇಬಲ್ ಸಿಕ್ಕಿಸಿ, ಆನ್ ಮಾಡಿ.

ದೀಪ ಹತ್ತಿತೆ? ಡಿವೈಸ್ ಮ್ಯಾನೇಜರ್ ತೆರೆದು ನೋಡಿ. ಕಾರ್ಡಿನ ಹೆಸರು ನೇರವಾಗಿ ಕಂಡರೆ ಸಂತೋಷ. ಹಳದಿ ತ್ರಿಕೋನದಲ್ಲಿ ಆಶ್ಚರ್ಯಸೂಚಕ ಚಿಹ್ನೆ ಕಂಡರೆ ಡ್ರೈವರ್ ಇಲ್ಲವೆಂದೇ ಬಹುಪಾಲು ಅರ್ಥ, ಪೆನ್‌ಡ್ರೈವಿನಲ್ಲಿರುವುದನ್ನು ಹಾಕಿ. ಹಳೆಯ ಕಿಂಡಿ ಸತ್ತಿದ್ದರೆ ಅದನ್ನು ಬಯೋಸ್‌ನಲ್ಲಿ ಆಫ್ ಮಾಡಿಬಿಡಿ, ಗೊಂದಲ ತಪ್ಪುತ್ತದೆ.

ಎರಡು ಬಗೆಯ ವಿಳಾಸ

ಇನ್ನು ಉಳಿದಿರುವುದು ವಿಳಾಸದ ಕೆಲಸ. ಕಾರ್ಡಿಗೆ ತಯಾರಿಕೆಯಲ್ಲೇ ಒಂದು ಸಂಖ್ಯೆ ಬಂದಿರುತ್ತದೆ. ಅದಕ್ಕೆ ಮ್ಯಾಕ್ ವಿಳಾಸ ಎನ್ನುತ್ತಾರೆ. ಇದು 48 ಬಿಟ್‌ಗಳ ಸಂಖ್ಯೆ. ಒಟ್ಟು 281 ಲಕ್ಷ ಕೋಟಿಗೂ ಹೆಚ್ಚು ಬೇರೆ ಬೇರೆ ಸಂಖ್ಯೆಗಳು ಸಾಧ್ಯ. ಇದನ್ನು ಸ್ಕೂಟರಿನ ಛಾಸಿ ನಂಬರಿಗೆ ಹೋಲಿಸಬಹುದು. ಎರಡನೆಯದು ಐಪಿ ವಿಳಾಸ. ಇದು ಮನೆಯ ಬಾಗಿಲ ನಂಬರಿನಂತೆ. ಮನೆ ಬದಲಾದರೆ ನಂಬರೂ ಬದಲು.

ಮನೆಯ ರೂಟರ್ ಸಾಮಾನ್ಯವಾಗಿ ಐಪಿ ವಿಳಾಸವನ್ನು ತಾನಾಗಿಯೇ ಹಂಚುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಅನೇಕ ಮನೆಗಳಲ್ಲಿ 192.168 ಎಂದು ಆರಂಭವಾಗುವ ವಿಳಾಸ ಕಾಣುತ್ತದೆ, ಅಂದರೆ ಸರಿಯಾಗಿದೆ. 169.254 ಎಂದು ಆರಂಭವಾದರೆ ವಿಳಾಸ ಹಂಚುವವರು ಯಾರೂ ಸಿಗದೆ ಕಂಪ್ಯೂಟರ್ ತನಗೆ ತಾನೇ ಒಂದು ನಂಬರ್ ಬರೆದುಕೊಂಡಿದೆ ಎಂದು ತಿಳಿಯಿರಿ. ಆಗ ಕೇಬಲ್ ಮತ್ತು ರೂಟರನ್ನು ನೋಡಬೇಕು.

ಐದು ಮೆಟ್ಟಿಲು

ಇಷ್ಟಾಗಿಯೂ ಇಂಟರ್‌ನೆಟ್ ಬರದಿದ್ದರೆ ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಬೇಡಿ. ‘ಪಿಂಗ್’ ಎಂಬ ಪುಟ್ಟ ಆಜ್ಞೆ ಇದೆ. 1983ರಲ್ಲಿ ಅಮೆರಿಕದ ಮೈಕ್ ಮೂಸ್ ಇದನ್ನು ಬರೆದರು. ನೀರೊಳಗೆ ಸದ್ದು ಕಳಿಸಿ ಪ್ರತಿಧ್ವನಿ ಕೇಳುವ ಸೋನಾರ್ ಯಂತ್ರದ ಶಬ್ದವೇ ಇದರ ಹೆಸರು. ‘ಇದ್ದೀಯಾ?’ ಎಂದು ಕೂಗಿ ‘ಇದ್ದೇನೆ’ ಎಂಬ ಉತ್ತರಕ್ಕೆ ಕಾಯುವುದು ಇದರ ಕೆಲಸ. ಹತ್ತಿರದಿಂದ ದೂರಕ್ಕೆ ಕ್ರಮವಾಗಿ ಕೂಗಿ ನೋಡಿ.

1. ಮೊದಲು 127.0.0.1 ವಿಳಾಸಕ್ಕೆ. ಇದು ಕಂಪ್ಯೂಟರ್ ತನ್ನನ್ನೇ ಕರೆದುಕೊಳ್ಳುವ ನಂಬರ್. ಕಾರ್ಡಿಗೆ ಇಲ್ಲಿ ಕೆಲಸವೇ ಇಲ್ಲ. ಉತ್ತರ ಬಾರದಿದ್ದರೆ ದೋಷ ಸಾಫ್ಟ್‌ವೇರಿನಲ್ಲಿ.

2. ಎರಡನೆಯದು ನಿಮ್ಮ ಕಾರ್ಡಿನ ಐಪಿ ವಿಳಾಸಕ್ಕೆ. ಇಲ್ಲಿ ತಪ್ಪಿದರೆ ಡ್ರೈವರ್ ಅಥವಾ ವಿಳಾಸದ ಹೊಂದಾಣಿಕೆ ನೋಡಿ.

3. ಮೂರನೆಯದು ರೂಟರಿನ ವಿಳಾಸಕ್ಕೆ. ‘ಗೇಟ್‌ವೇ’ ಎಂದು ತೋರಿಸುವುದು ಇದನ್ನೇ. ಇಲ್ಲಿ ತಪ್ಪಿದರೆ ಕೇಬಲ್, ಕಾರ್ಡ್ ಅಥವಾ ರೂಟರ್ ಕಾರಣ.

4. ನಾಲ್ಕನೆಯದು ಹೊರಗಿನ ಒಂದು ನಂಬರಿಗೆ, ಉದಾಹರಣೆಗೆ ಗೂಗಲ್‌ನ 8.8.8.8ಕ್ಕೆ. ಮೂರು ಸರಿಯಾಗಿ ಇದು ತಪ್ಪಿದರೆ ರೂಟರಿನಿಂದಾಚೆಯ ಸಂಪರ್ಕ ಕೆಟ್ಟಿರಬಹುದು; ಇಂಟರ್‌ನೆಟ್ ಕಂಪೆನಿಗೆ ಫೋನ್ ಮಾಡಿ.

5. ಕೊನೆಯದು ಯಾವುದಾದರೂ ತಾಣದ ಹೆಸರಿಗೆ. ನಂಬರ್ ಸಿಕ್ಕಿ ಹೆಸರು ಸಿಗದಿದ್ದರೆ, ಹೆಸರನ್ನು ನಂಬರಾಗಿ ಬದಲಿಸುವ ಡಿಎನ್‌ಎಸ್ ಎಂಬ ಡೈರೆಕ್ಟರಿಯ ತೊಂದರೆ.

ಕೆಲವು ರೂಟರುಗಳೂ ತಾಣಗಳೂ ಪಿಂಗ್‌ಗೆ ಉತ್ತರ ಕೊಡದಂತೆ ಹೊಂದಿಸಿರುತ್ತಾರೆಂಬುದು ನೆನಪಿರಲಿ. ಒಂದು ಕಡೆ ಮೌನವಾದರೆ ಇನ್ನೊಂದು ಕಡೆ ಕೂಗಿ ನೋಡಬೇಕು.

ಇಲ್ಲಿ ಕಲಿಯುವುದು ಕಾರ್ಡಿನ ವಿದ್ಯೆಯಷ್ಟೇ ಅಲ್ಲ. ದೋಷ ಎಲ್ಲಿಲ್ಲ ಎಂದು ಒಂದೊಂದಾಗಿ ಖಚಿತಪಡಿಸಿಕೊಂಡು, ಎಲ್ಲಿದೆ ಎಂಬಲ್ಲಿಗೆ ಬರುವ ಕ್ರಮ ಇದು. ಭೌತಶಾಸ್ತ್ರದ ಪ್ರಯೋಗಕ್ಕೂ, ಕೆಟ್ಟ ಪಂಪ್‌ಸೆಟ್ಟಿಗೂ, ತಪ್ಪಿದ ಲೆಕ್ಕಕ್ಕೂ ಇದೇ ಕ್ರಮ ನಡೆಯುತ್ತದೆ.

ವೇಗ ಕಡಿಮೆಯಾಯಿತೆ?

ಗಿಗಾಬಿಟ್ ಕಾರ್ಡ್ ಹಾಕಿದರೂ 100 ಮೆಗಾಬಿಟ್ ಎಂದೇ ತೋರಿಸಿದರೆ ಕೇಬಲ್ ಮೇಲೆ ಅನುಮಾನಪಡಿ. ಕೇಬಲಿನೊಳಗೆ ಎಂಟು ತಂತಿಗಳಿವೆ. 100 ಮೆಗಾಬಿಟ್ ವೇಗಕ್ಕೆ ನಾಲ್ಕೇ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಇಲಿ ಕಡಿದೋ ಬಾಗಿಲಿಗೆ ಸಿಕ್ಕಿಯೋ ಒಂದು ತಂತಿ ತುಂಡಾದರೂ ವೇಗ ಕೆಳಗಿಳಿಯುತ್ತದೆ. ರೂಟರಿನ ಕಿಂಡಿಯೇ 100ರದ್ದಾಗಿದ್ದರೂ ಅಷ್ಟೆ. ಹಾಗೆಯೇ 100 ಮೆಗಾಬಿಟ್ ಎಂದರೆ 100 ಮೆಗಾಬೈಟ್ ಅಲ್ಲ. ಎಂಟು ಬಿಟ್‌ಗೆ ಒಂದು ಬೈಟ್. ಆದ್ದರಿಂದ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್.

ರಜೆಗೊಂದು ಪ್ರಯೋಗ

ರಜೆಯಲ್ಲಿ ಗೆಳೆಯರ ಮನೆಯ ಕಂಪ್ಯೂಟರನ್ನೂ ತಂದು, ಎರಡನ್ನೂ ಒಂದೇ ಕೇಬಲಿನಿಂದ ನೇರವಾಗಿ ಜೋಡಿಸಿ ನೋಡಿ. ಹಿಂದೆ ಇದಕ್ಕೆ ತಂತಿಗಳನ್ನು ಅದಲುಬದಲು ಮಾಡಿದ ವಿಶೇಷ ಕೇಬಲ್ ಬೇಕಿತ್ತು; ಗಿಗಾಬಿಟ್ ಕಾರ್ಡುಗಳು ಆ ಅದಲುಬದಲನ್ನು ತಾವೇ ಮಾಡಿಕೊಳ್ಳುತ್ತವೆ. ಒಂದಕ್ಕೆ 192.168.1.10, ಇನ್ನೊಂದಕ್ಕೆ 192.168.1.11 ಎಂದು ಕೈಯಾರೆ ವಿಳಾಸ ಕೊಡಿ. ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0 ಇರಲಿ. ಒಂದೇ ನಂಬರನ್ನು ಇಬ್ಬರಿಗೂ ಕೊಟ್ಟರೆ ಒಂದೇ ಬಾಗಿಲ ನಂಬರಿನ ಎರಡು ಮನೆಗಳಂತೆ ಅಂಚೆ ತಪ್ಪುತ್ತದೆ. ಇದರಿಂದ ಅದರತ್ತ ಪಿಂಗ್ ಮಾಡಿ. ವಿಂಡೋಸಿನ ಫೈರ್‌ವಾಲ್ ತಡೆಯುತ್ತಿದ್ದರೆ ಅನುಮತಿ ಕೊಡಬೇಕಾದೀತು.

ಉತ್ತರ ಬಂದ ಗಳಿಗೆಯಲ್ಲಿ ನಿಮ್ಮ ಮೇಜಿನ ಮೇಲೆ ಒಂದು ನೆಟ್‌ವರ್ಕ್ ಹುಟ್ಟಿರುತ್ತದೆ. ಇಂಟರ್‌ನೆಟ್ ಇಲ್ಲದೆಯೂ ಅದರಲ್ಲಿ ಪಾಠದ ಕಡತಗಳನ್ನು ಹಂಚಿಕೊಳ್ಳಬಹುದು. ಅಗ್ಗದ ಸ್ವಿಚ್ ಒಂದನ್ನು ಸೇರಿಸಿದರೆ ಎರಡು ಕಂಪ್ಯೂಟರ್ ನಾಲ್ಕಾಗಬಹುದು. ಊರ ಶಾಲೆಯ ಮೂಲೆಯಲ್ಲಿ ದೂಳು ಹಿಡಿದ ಯಂತ್ರಗಳು ಒಂದು ಪುಟ್ಟ ಪ್ರಯೋಗಾಲಯವಾಗಬಹುದು. ಮಕ್ಕಳು ಸ್ಕ್ರೂಡ್ರೈವರ್ ಕೇಳಿದಾಗ ‘ಮುಟ್ಟಬೇಡ, ಹಾಳಾಗುತ್ತದೆ’ ಎನ್ನುವ ಬದಲು, ಪ್ಲಗ್ ಕಿತ್ತಿದೆಯೇ ಎಂದು ನೋಡಿ, ಪಕ್ಕದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ.