ಫೈಟಿಗೆ ರಿಸೀವರ್, ಹಾಡಿಗೆ ಸ್ಟೀರಿಯೋ!

ಹೊಸ ಡಬ್ಬ ತರುವ ಮುಂಚೆ ಚಿತ್ರರಸಿಕ ಮಿತ್ರರಿಗೊಂದು ಕಿವಿಮಾತು

ರಾಕಿ ಭಾಯ್ ಮೆಷಿನ್‌ಗನ್ ಹಿಡಿದರೆ ಮನೆಯ ಕಿಟಕಿ ಗಾಜು ಗಡಗಡ ನಡುಗಬೇಕು. ಅದೇ ಮನೆಯಲ್ಲಿ, ಅದೇ ಸ್ಪೀಕರಿನಲ್ಲಿ, ರಾತ್ರಿ ಹತ್ತಕ್ಕೆ ಪಿ.ಬಿ. ಶ್ರೀನಿವಾಸ್ ಹಾಡಿದರೆ ಎದುರಿಗೇ ಕೂತು ಹಾಡಿದ ಹಾಗಿರಬೇಕು. ಎರಡೂ ಬೇಕು ಅನ್ನೋನೇ ನಿಜವಾದ ಚಿತ್ರರಸಿಕ!

ಆದರೆ ಎಷ್ಟೋ ಮನೆಗಳ ಕಥೆಯೇ ಬೇರೆ. ಫೈಟು ಭರ್ಜರಿ, ಹಾಡು ಮಾತ್ರ ಸಪ್ಪೆ. ಅಂಗಡಿಗೆ ಹೋಗಿ ದೂರು ಹೇಳಿದರೆ ಬರುವ ಉತ್ತರ ಒಂದೇ: “ಹಳೇ ರಿಸೀವರ್ ಕೊಟ್ಟುಬಿಡಿ ಸಾರ್, ಇನ್ನೂ ದೊಡ್ಡದು ತಗೊಳ್ಳಿ.” ಕೊಡಬೇಕೇ? ತಿಂಗಳುಗಟ್ಟಲೆ ಕೂಡಿಟ್ಟ ದುಡ್ಡಿನ ಪ್ರಶ್ನೆ ಇದು. ಜೇಬಿಗೆ ಕೈ ಹಾಕುವ ಮುಂಚೆ ಸ್ವಲ್ಪ ಇತ್ತ ಕಿವಿ ಕೊಡಿ.

ಸ್ಟೀರಿಯೋ ಹುಟ್ಟಿದ್ದೇ ಟಾಕೀಸಿನಲ್ಲಿ!

ಸ್ಟೀರಿಯೋ ಅಂದರೆ ಗ್ರಾಮಫೋನ್ ರೆಕಾರ್ಡಿಗಾಗಿ ಹುಟ್ಟಿದ ಕಲ್ಪನೆ ಅಂದುಕೊಂಡಿದ್ದೀರಾ? ಅಲ್ಲ ಸ್ವಾಮಿ, ಅದು ಸಿನಿಮಾದ ಕೂಸು! ಇಂಗ್ಲೆಂಡಿನ ಇ.ಎಂ.ಐ. ಕಂಪನಿಯಲ್ಲಿ ಅಲನ್ ಬ್ಲಮ್ಲೀನ್ ಎಂಬ ಇಂಜಿನಿಯರ್ ಇದ್ದ. ಮುಂದೆ ಹೆಂಡತಿಯಾದವಳ ಜೊತೆ ಟಾಕಿ ಚಿತ್ರ ನೋಡುವಾಗ ಅವನಿಗೊಂದು ವಿಚಿತ್ರ ಕಂಡಿತಂತೆ. ನಟ ತೆರೆಯ ಒಂದು ಕಡೆ ನಿಂತಿದ್ದಾನೆ, ಅವನ ಮಾತು ಇನ್ನೊಂದು ಕಡೆಯಿಂದ ಬರುತ್ತಿದೆ! ನಟ ಹೋದ ಕಡೆಗೆ ಮಾತೂ ಹೋಗಬೇಕು ಎಂದು ಹಟ ಹಿಡಿದು, 1931ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಇಂದಿನ ಸ್ಟೀರಿಯೋಗೆ ಅದೇ ತಳಪಾಯ. ಪಾಪ, 1942ರಲ್ಲಿ ರೇಡಾರ್ ಪರೀಕ್ಷೆಗೆ ಹೋದ ವಿಮಾನ ಬಿದ್ದು ತೀರಿಕೊಂಡ. ಆಗವನಿಗೆ ಬರೀ 38 ವರ್ಷ.

ಇನ್ನೊಬ್ಬ ಮಹಾಶಯ ರೇ ಡಾಲ್ಬಿ. ಚಿತ್ರ ಶುರುವಾಗುವ ಮುಂಚೆ ತೆರೆಯ ಮೇಲೆ ಹೆಸರು ಬರುತ್ತದಲ್ಲ, ಅವರೇ! 1963ರಿಂದ ಎರಡು ವರ್ಷ ವಿಶ್ವಸಂಸ್ಥೆಯ ಸಲಹೆಗಾರರಾಗಿ ನಮ್ಮ ಭಾರತದಲ್ಲೇ ಇದ್ದರು. 1965ರಲ್ಲಿ ಲಂಡನ್ನಿಗೆ ಹೋಗಿ ಡಾಲ್ಬಿ ಲ್ಯಾಬೊರೇಟರೀಸ್ ತೆರೆದರು.

ಹತ್ತು ವರ್ಷದ ನಂತರ, 1975ರಲ್ಲಿ, ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ 70 ಎಂ.ಎಂ. ತೆರೆಗೆ ಆರು ಟ್ರ್ಯಾಕ್ ಸ್ಟೀರಿಯೋ ಸದ್ದಿನೊಂದಿಗೆ ಬಂತು. ತೆರೆಯ ಮೇಲೆ ನಾಣ್ಯ ಬಿದ್ದರೆ ಜನ ಸೀಟಿನ ಕೆಳಗೆ ಹುಡುಕುತ್ತಿದ್ದರು ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ.

ಡಬ್ಬದ ಹೊಟ್ಟೆಯೊಳಗೆ

ಹೋಂ ಥಿಯೇಟರ್ ರಿಸೀವರ್ ಅಂದರೆ ಒಬ್ಬನೇ ಹತ್ತು ಪಾತ್ರ ಮಾಡಿದ ಹಾಗೆ. ಚಿತ್ರವನ್ನು ಟೀವಿಗೆ ದಾಟಿಸಬೇಕು, ಡಾಲ್ಬಿ, ಡಿ.ಟಿ.ಎಸ್. ಸದ್ದನ್ನು ಬಿಡಿಸಬೇಕು, ಐದೋ ಏಳೋ ಸ್ಪೀಕರುಗಳನ್ನು ದುಡಿಸಬೇಕು. ಇಷ್ಟಕ್ಕೂ ಪವರ್ ಕೊಡುವ ಟ್ರಾನ್ಸ್‌ಫಾರ್ಮರ್ ಒಂದೇ! ಸ್ಟೀರಿಯೋ ಆಂಪ್ಲಿಫೈಯರಿಗೆ ಇರುವುದು ಎರಡೇ ಸ್ಪೀಕರಿನ ಜವಾಬ್ದಾರಿ. ಕೊಟ್ಟ ಕಾಸೆಲ್ಲ ಆ ಎರಡಕ್ಕೇ ಖರ್ಚಾಗಿರುತ್ತದೆ.

ಇನ್ನು ವ್ಯಾಟ್ ಮಾಯೆ. “80 ವ್ಯಾಟ್ ಬೇಡ, 100 ತಗೊಳ್ಳಿ” ಅಂದರೆ ಎಷ್ಟು ಹೆಚ್ಚಾಯಿತು? ಲೆಕ್ಕಕ್ಕೆ ಒಂದು ಡೆಸಿಬಲ್. ಕಿವಿಗೆ ತಿಳಿಯುವುದೇ ಕಷ್ಟ! ವ್ಯಾಟ್ ಎರಡು ಪಟ್ಟಾದರೂ ಏರುವುದು 3 ಡೆಸಿಬಲ್ ಮಾತ್ರ. ಸದ್ದು ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಪವರ್ ಬೇಕು. ಸಾಲದ್ದಕ್ಕೆ, ರಿಸೀವರ್ ಡಬ್ಬದ ಮೇಲೆ ಬರೆದ ವ್ಯಾಟ್ ಸಾಮಾನ್ಯವಾಗಿ ಎರಡೇ ಚಾನೆಲ್ ಓಡಿಸಿ ಅಳೆದದ್ದು. ಎಲ್ಲ ಚಾನೆಲ್ ಒಟ್ಟಿಗೆ ದುಡಿದರೆ ಅಷ್ಟು ಬರೋಲ್ಲ.

ಯಾವಾಗ ಬದಲಾಯಿಸಬೇಕು?

ಹಾಗಾದರೆ ಹೊಸ ರಿಸೀವರ್ ಬೇಡವೇ ಬೇಡವೇ? ಹಾಗಲ್ಲ. ತಲೆಯ ಮೇಲಿನಿಂದ ಸದ್ದು ಬೀಳುವ ಡಾಲ್ಬಿ ಅಟ್ಮಾಸ್ ಥಿಯೇಟರಿಗೆ ಬಂದದ್ದು 2012ರಲ್ಲಿ, ಮನೆಗೆ ಬಂದದ್ದು 2014ರಲ್ಲಿ. ಅದಕ್ಕಿಂತ ಹಳೆಯ ರಿಸೀವರಿಗೆ ಅಟ್ಮಾಸ್ ಗೊತ್ತೇ ಇಲ್ಲ. ಅದು ಬೇಕು, ಸೂರಿನ ಹತ್ತಿರ ಎರಡು ಸ್ಪೀಕರ್ ಕೂರಿಸಲು ಜಾಗವೂ ಇದೆ ಅನ್ನೋದಾದರೆ ಬದಲಾಯಿಸಿ. 5.1.2 ಅಂದರೆ ಇಷ್ಟೇ: ಸುತ್ತ ಐದು ಸ್ಪೀಕರ್, ಗುಡುಗಲು ಒಂದು ಸಬ್‌ವೂಫರ್, ಮೇಲೆ ಎರಡು.

ಆದರೆ 4ಕೆ ಚಿತ್ರ ದಾಟುತ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ಹಳೆಯದನ್ನು ಬಿಸಾಡಬೇಡಿ. ಪ್ಲೇಯರನ್ನು ನೇರ ಟೀವಿಗೆ ಹಾಕಿ, ಸದ್ದನ್ನು ಮಾತ್ರ ಎಚ್.ಡಿ.ಎಂ.ಐ. ಎ.ಆರ್.ಸಿ. ಅಥವಾ ಆಪ್ಟಿಕಲ್ ವೈರಿನಲ್ಲಿ ರಿಸೀವರಿಗೆ ತನ್ನಿ. ಬಹುತೇಕ ಟೀವಿಗಳಲ್ಲಿ 5.1 ಸದ್ದು ಹೀಗೆ ಸಲೀಸಾಗಿ ಬರುತ್ತದೆ.

ಮೊದಲು ಬಿಟ್ಟಿ ಪರೀಕ್ಷೆ

ಹಾಡು ಸಪ್ಪೆ ಅಂದಿರಲ್ಲ, ರಿಸೀವರ್ ಯಾವ ಮೋಡಿನಲ್ಲಿದೆ ನೋಡಿ. ಎಲ್ಲ ಸ್ಪೀಕರಿನಿಂದಲೂ ಹಾಡು ಬರಲಿ ಅಂತ ಗುಂಡಿ ಒತ್ತಿದ್ದರೆ ಕಥೆ ಮುಗೀತು! 1960ರ ದಶಕದ ನಮ್ಮ ಹಾಡುಗಳು ಮಾನೋದಲ್ಲಿ ಮುದ್ರಣವಾದವು. ಅವನ್ನು ಏಳು ಕಡೆಯಿಂದ ಬಿಟ್ಟರೆ ಗಾಯಕ ನಿಮ್ಮ ಬೆನ್ನ ಹಿಂದೆಯೂ ಹಾಡುತ್ತಾನೆ, ತಲೆಯ ಮೇಲೂ ಹಾಡುತ್ತಾನೆ. ‘ಸ್ಟೀರಿಯೋ’ ಅಥವಾ ‘ಡೈರೆಕ್ಟ್’ ಮೋಡಿಗೆ ಹಾಕಿ. ಎರಡು ಸ್ಪೀಕರು ಮತ್ತು ನೀವು ಕೂರುವ ಕುರ್ಚಿ, ಮೂರೂ ಸಮ ತ್ರಿಕೋನದಲ್ಲಿರಲಿ. ಸ್ಪೀಕರನ್ನು ಗೋಡೆ ಮೂಲೆಯಿಂದ ಈಚೆಗೆ ಎಳೆಯಿರಿ. ಬರಿ ಗೋಡೆಗೆ ದಪ್ಪ ಪರದೆ, ನೆಲಕ್ಕೊಂದು ಜಮಖಾನೆ ಹಾಕಿ. ಈಗ ಕೇಳಿ... ಗಾಯಕ ಎರಡು ಸ್ಪೀಕರಿನ ನಡುವೆ ಬಂದು ನಿಂತನೇ? ಹಾಗಾದರೆ ದುಡ್ಡು ಉಳೀತು, ಇಲ್ಲಿಗೆ ಓದು ನಿಲ್ಲಿಸಿದರೂ ಬೇಸರವಿಲ್ಲ!

ಜೋಡಿ ನಾಯಕರ ಚಿತ್ರ

ಇಷ್ಟಾದರೂ ತೃಪ್ತಿಯಿಲ್ಲವೇ? ಆಗ ಮಾತ್ರ ಸ್ಟೀರಿಯೋ ಆಂಪ್ಲಿಫೈಯರ್ ತನ್ನಿ. ಹಳೇ ರಿಸೀವರನ್ನು ಮನೆಯಿಂದ ಆಚೆ ಹಾಕಬೇಕಿಲ್ಲ, ಇಬ್ಬರನ್ನೂ ಒಂದೇ ಚಿತ್ರದಲ್ಲಿ ಹಾಕಿಕೊಳ್ಳಬಹುದು.

ರಿಸೀವರಿನ ಬೆನ್ನಿನಲ್ಲಿ ‘ಪ್ರೀ ಔಟ್’ ಎಂಬ ಜೋಡಿ ತೂತು ಇದೆಯೇ ನೋಡಿ. ಎಲ್ಲದರಲ್ಲೂ ಇರೋಲ್ಲ. ಇದ್ದರೆ ಅಲ್ಲಿಂದ ಎಡ, ಬಲ ಎರಡು ವೈರು ಎಳೆದು ಆಂಪ್ಲಿಫೈಯರಿನ ‘ಎಚ್.ಟಿ. ಬೈಪಾಸ್’ ಅಥವಾ ‘ಮೇನ್ ಇನ್’ಗೆ ಹಾಕಿ. ಮುಂದಿನ ಎರಡು ಸ್ಪೀಕರನ್ನು ರಿಸೀವರಿನಿಂದ ಬಿಚ್ಚಿ ಆಂಪ್ಲಿಫೈಯರಿಗೆ ಕೊಡಿ. ಆಯ್ತಲ್ಲ! ಸಿನಿಮಾ ಹೊತ್ತಿನಲ್ಲಿ ರಿಸೀವರ್ ನಿರ್ದೇಶಕ, ಆಂಪ್ಲಿಫೈಯರ್ ಅದು ಹೇಳಿದಂತೆ ಕೇಳುತ್ತದೆ. ಮುಂದಿನ ಎರಡು ಸ್ಪೀಕರಿನ ಭಾರ ಇಳಿದದ್ದಕ್ಕೆ ರಿಸೀವರಿಗೂ ಉಸಿರಾಡಲು ಬಿಡುವು. ಹಾಡಿನ ಹೊತ್ತಿನಲ್ಲಿ ರಿಸೀವರ್ ಆಫ್! ಸಿ.ಡಿ.ಯೋ, ರೆಕಾರ್ಡ್ ಪ್ಲೇಯರೋ, ಮೊಬೈಲೋ, ನೇರ ಆಂಪ್ಲಿಫೈಯರಿಗೆ. ರಿಸೀವರಿಗೆ ಕಟ್ಟಿದ ಸಬ್‌ವೂಫರ್ ಆಗ ಸುಮ್ಮನಿರುತ್ತದೆ, ಕೆಟ್ಟಿತು ಅಂತ ಗಾಬರಿ ಬೇಡ.

ಬೈಪಾಸ್ ಇಲ್ಲದಿದ್ದರೆ? ಮಾಮೂಲಿ ‘ಆಕ್ಸ್’ಗೆ ಹಾಕಿ. ಆಂಪ್ಲಿಫೈಯರಿನ ವಾಲ್ಯೂಮ್ ಗುಂಡಿಯನ್ನು ಒಂದು ಕಡೆ, ಹನ್ನೆರಡು ಗಂಟೆ ಮುಳ್ಳಿನ ಹಾಗೆ, ನಿಲ್ಲಿಸಿ ಗುರುತು ಮಾಡಿ. ಅಲ್ಲೇ ಇಟ್ಟು ರಿಸೀವರಿನ ಮೈಕಿನಿಂದ ಸದ್ದಿನ ಅಳತೆ ಮತ್ತೆ ಮಾಡಿಸಿ. ಚಿತ್ರ ನೋಡುವಾಗಲೆಲ್ಲ ಗುಂಡಿ ಆ ಗುರುತಿಗೇ ಬರಬೇಕು.

ಎಚ್ಚರಿಕೆ ಬೋರ್ಡು!

ಒಂದು: ಪ್ರೀ ಔಟ್ ಇಲ್ಲ ಅಂತ ರಿಸೀವರಿನ ಸ್ಪೀಕರ್ ವೈರನ್ನು ಆಂಪ್ಲಿಫೈಯರಿನ ಇನ್‌ಪುಟ್ಟಿಗೆ ತುರುಕಬೇಡಿ. ಸುಟ್ಟೀತು!

ಎರಡು: ಒಂದೇ ಸ್ಪೀಕರಿಗೆ ಎರಡು ಆಂಪ್ಲಿಫೈಯರಿನ ವೈರು ಒಟ್ಟಿಗೆ ಸುತ್ತಬೇಡಿ. ಒಂದು ದಿನ ಎರಡೂ ಆನ್ ಆದರೆ ಹೊಗೆ ಖಂಡಿತ.

ಮೂರು: ಬೈಪಾಸಿಗೆ ಸಿ.ಡಿ. ಪ್ಲೇಯರನ್ನೋ ಮೊಬೈಲನ್ನೋ ಹಾಕಬೇಡಿ. ಅಲ್ಲಿ ವಾಲ್ಯೂಮ್ ಗುಂಡಿಗೆ ಅಧಿಕಾರವಿಲ್ಲ, ಸದ್ದು ಪೂರ್ತಿ ನುಗ್ಗುತ್ತದೆ. ಸ್ಪೀಕರಿಗೂ ಅಪಾಯ, ಕಿವಿಗೂ ಅಪಾಯ.

ನಾಲ್ಕು: ‘ಗುಂಯ್’ ಅಂತ ಸದ್ದು ಬಂದರೆ ಎರಡನ್ನೂ ಒಂದೇ ಪ್ಲಗ್ ಬೋರ್ಡಿಗೆ ಹಾಕಿ. ಆಗಲೂ ಹೋಗದಿದ್ದರೆ ಕೇಬಲ್ ಟೀವಿಯ ವೈರು ತೆಗೆದು ನೋಡಿ. ಎಷ್ಟೋ ಸಲ ವಿಲನ್ ಅದೇ!

ಕೊನೆಗೊಂದು ಮಾತು. ಬದಲಾಯಿಸಿದ್ದು ತಿಳಿಯುವುದು ಎಲ್ಲಕ್ಕಿಂತ ಹೆಚ್ಚಾಗಿ ಸ್ಪೀಕರಿನಲ್ಲಿ, ಅದನ್ನಿಟ್ಟ ಕೋಣೆಯಲ್ಲಿ. ಆಂಪ್ಲಿಫೈಯರಿನ ಸರದಿ ಆಮೇಲೆ. ಅಂಗಡಿಗೆ ಹೋಗುವಾಗ ನಿಮಗೆ ಬಾಯಿಪಾಠವಾಗಿರುವ ನಮ್ಮ ಕನ್ನಡದ ಒಂದು ಹಾಡು ಜೊತೆಗಿರಲಿ. ಎರಡು ಡಬ್ಬದಲ್ಲೂ ಒಂದೇ ವಾಲ್ಯೂಮಿನಲ್ಲಿ ಹಾಕಿಸಿ ಕೇಳಿ. ಸ್ವಲ್ಪ ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ, ಮೋಸ ಹೋಗಬೇಡಿ! ವ್ಯತ್ಯಾಸ ಕೇಳದಿದ್ದರೆ ಧೈರ್ಯವಾಗಿ ಬರಿಗೈಯಲ್ಲಿ ವಾಪಸ್ ಬನ್ನಿ. ಉಳಿದ ಕಾಸಿನಲ್ಲಿ ಮುಂದಿನ ಶುಕ್ರವಾರ ಫಸ್ಟ್ ಡೇ ಫಸ್ಟ್ ಶೋ ನೋಡಿದರಾಯ್ತು. ಏನಂತೀರಿ?